ಸಾಲು ಹದಿನೇಳು

ದೊಸಿಂದಾ ಅಜ್ಜಿ ಗುದ್ದಲಿಯ ಅಲಗಿಗೆ ಕಲ್ಲು ಕುಟ್ಟಿದಳು.
ಟಣ್.
ಬರೆದುಕೋ, ಅಂದಳು.

ಹೇಗೆ ಬರೆಯಲಿ?
ನಾನು ಸಾಕಿಕೊಂಡಿರುವ ಈ ತಂತ್ರಾಂಶಕ್ಕೆ ಗೊತ್ತಿರುವುದು ಏಳೇ ಅಕ್ಷರ.
ಅಕ್ಷರ ಕೊಟ್ಟರೆ ಸ್ವರ ಮಾಡಿ,
ಐದು ಗೆರೆಯ ಏಣಿಯ ಮೇಲೆ
ಇದು ಮೇಲಿನದು, ಇದು ಕೆಳಗಿನದು ಎಂದು
ಚೀಲ ಊದುವವರ ಹಾಡುಗಳನ್ನೆಲ್ಲ ಒಪ್ಪವಾಗಿ ಕೂರಿಸುತ್ತದೆ.
ಗುದ್ದಲಿಗೆ ಯಾವ ಮೆಟ್ಟಿಲು?
ಇರಲಿ ಎಂದು ಒಂದು ಅಡ್ಡಗುರುತು ಒತ್ತಿದೆ.
'ಸಾಲು ಹದಿನೇಳು: ತಿಳಿಯದ ಅಕ್ಷರ.'

ಹಗಲು ನಾನು ಮುಶಿಯಾ ಬಂದರಿನ ಹರಾಜುಕಟ್ಟೆಯಲ್ಲಿ
ಮೀನಿನ ತೂಕ ಬರೆಯುವವಳು.
ಆಕ್ಟೋಪಸ್ ಇಷ್ಟು ಕಿಲೊ, ಬಂಗುಡೆ ಇಷ್ಟು.
ತೂಗಲು ಬಾರದ್ದಕ್ಕೆ ಅಲ್ಲೂ ಕಾಲಂ ಇಲ್ಲ.
ರಾತ್ರಿ ಅಜ್ಜಿಯ ಅಡುಗೆಮನೆ;
ಮೇಜಿನ ಮೇಲೆ ಲ್ಯಾಪ್‌ಟಾಪು, ಅದರ ಪಕ್ಕ
ಬೆನ್ನಿಗೆ ಬೆನ್ನು ತಿಕ್ಕಲು ಎರಡು ಚಿಪ್ಪು,
ತುಕ್ಕು ಹಿಡಿದ ಮೆಣಸಿನಪುಡಿ ಡಬ್ಬಿ,
ಮಣ್ಣು ತೊಳೆಯದ ಗುದ್ದಲಿ.

ಮೂರನೇ ವಾರ ಗೆದ್ದೆ ಅಂದುಕೊಂಡೆ.
ನುಡಿಸಿ ನೋಡಿದರೆ
ಚಿಪ್ಪು ಪಿಯಾನೋ ಆಗಿತ್ತು,
ಡಬ್ಬಿಯೂ ಪಿಯಾನೋ,
ಗುದ್ದಲಿ ಎಲ್ಲಕ್ಕಿಂತ ದಪ್ಪ ದನಿಯ ಪಿಯಾನೋ.
'ನನ್ನ ಗುದ್ದಲಿ ಯಾವ ಸಾಹುಕಾರರ ಮನೆಗೆ ಸೊಸೆಯಾಗಿ ಹೋಯಿತೇ!'
ಅಜ್ಜಿ ನಕ್ಕ ನಗುವಿಗೆ ಒಲೆಯ ಮೇಲಿನ ಕೋಸಿನ ಸಾರು ಉಕ್ಕಿತು.

ಆಮೇಲೆ ಪಟ್ಟಿ ಮಾಡಿದೆ,
ಯಾವ ಅಕ್ಷರ ಯಾವ ಸಾಮಾನಿನದು ಎಂದು.
ಐದು ಗೆರೆಯಲ್ಲಿ ನಾಲ್ಕು ಅಳಿಸಿದೆ.
ದೊಡ್ಡ ಪೆಟ್ಟಿನ ಕಾಲಿಗೆ ಒತ್ತಿನ ಹಾಗೆ ತೂಗುವ
ಆ ಸಣ್ಣ ಪೆಟ್ಟಿಗೂ ಒಂದು ಪುಟ್ಟ ಆವರಣ ಕೊಟ್ಟೆ.

ನಿಧಾನ ಹೊಡಿ ಅಜ್ಜಿ, ಎಣಿಸಬೇಕು.
'ನಿಧಾನ ಹೊಡೆದರೆ ಅದು ಹಿಟ್ಟು ಜರಡಿ ಹಿಡಿದ ಹಾಗೆ.
ಕುಣಿಯಲು ಯಾರು ಬರುತ್ತಾರೆ?'
ಹೇಗೋ ಎಣಿಸಿದೆ. ಆರು.
ಆದರೆ ಆರೂ ಒಂದಳತೆಯವಲ್ಲ.
ಎರಡನೆಯದು ಯಾವಾಗಲೂ ತುಸು ಮುಂಚೆಯೇ ಬಂದುಬಿಡುತ್ತದೆ,
ಬಸ್ಸು ಎಲ್ಲಿ ತಪ್ಪೀತೋ ಎಂಬ ಹೆಂಗಸಿನಂತೆ.
ಯಂತ್ರ ಅವಳ ರಟ್ಟೆ ಹಿಡಿದು
ಸರದಿಯಲ್ಲಿ ನಿಲ್ಲಿಸುತ್ತದೆ.

ಮೊನ್ನೆ ಅಚ್ಚು ಹಾಕಿ ತಂದೆ.
ಅಜ್ಜಿಗೆ ಓದು ಬಾರದು, ಸಹಿ ಮಾತ್ರ.
ಕಾಗದ ದೂರ ಹಿಡಿದಳು, ಹತ್ತಿರ ಹಿಡಿದಳು.
'ಒಂದೇ ಹಗ್ಗ. ಒಳ್ಳೆಯದು, ಬಟ್ಟೆ ಒಣಗಲು ಅಷ್ಟು ಸಾಕು.
ಆದರೆ ಇಷ್ಟೊಂದು ಶಿಲುಬೆ ಯಾಕೆ?
ಇದು ಯಾವ ಊರಿನ ಸಮಾಧಿತೋಟ?'
ಉತ್ತರಕ್ಕೆ ಕಾಯದೆ ಬೆರಳಿಟ್ಟಳು:
ಇವಳು ಎರ್ಮೆಲಿಂದಾ, ಬಲೆ ಹೆಣೆಯುತ್ತಿದ್ದವಳು, ಈ ಪೆಟ್ಟು ಅವಳದೇ.
ಇವಳು ಶೆನೊವೇವಾ. ಎಡಗೈಯವಳು.
ಇದು ಒಬ್ದುಲಿಯಾ; ಡಬ್ಬಿ ಅವಳ ಅಂಗಡಿಯದು,
ದುಡ್ಡು ನಾನಿನ್ನೂ ಕೊಟ್ಟಿಲ್ಲ.
'ಇಲ್ಲಿ ಖಾಲಿ ಇದೆಯಲ್ಲ?'
ಅದು ವಿರಾಮ ಅಜ್ಜಿ. ಅಲ್ಲಿ ನೀನು ಸುಮ್ಮನಿದ್ದೆ.
'ನಾನು ಯಾವಾಗ ಸುಮ್ಮನಿದ್ದೆ?'

ತೋರಿಸಿಕೊಡಲೆಂದು ಗೂಟದ ಮೇಲಿನ ಬಿಲ್ಲೆಗಂಜರಿ ಇಳಿಸಿದಳು.
ಹೆಬ್ಬೆರಳನ್ನು ನಾಲಿಗೆಗೆ ಮುಟ್ಟಿಸಿ
ಚರ್ಮದ ಅಂಚಿನುದ್ದಕ್ಕೂ ಜಾರಿಸಿದಳು.
ಬಿಲ್ಲೆಗಳು ಗರ್ರನೆ ಎದ್ದವು,
ಬೆರಳು ಎತ್ತಿದ ಮೇಲೂ ಕೂರಲಿಲ್ಲ.
ಬೆಕ್ಕು ಮಂಚದಡಿ ಸೇರಿತು.

ಆ ಒದ್ದೆಗೆ ಯಾವ ಅಕ್ಷರ?
ರಾತ್ರಿ ಒಂದೂವರೆಯವರೆಗೆ ಹುಡುಕಿದೆ.
ಕೊನೆಗೆ ಒಂದು ಶೇಕಡಾ ಗುರುತು ಒತ್ತಿದೆ.
ಅದರಾಚೆ ಬರೆದದ್ದನ್ನು ಯಂತ್ರ ಓದುವುದಿಲ್ಲ,
ಗೇಟಿನ ಹೊರಗೆ ನಿಂತವರನ್ನು ಕಾಣದವರಂತೆ ದಾಟಿಹೋಗುತ್ತದೆ;
ಕಡತ ಬಿಚ್ಚಿ ನೋಡಿದವರಿಗೆ ಮಾತ್ರ ಸಿಗುತ್ತದೆ.

% ಇಲ್ಲಿ ಹೆಬ್ಬೆರಳು ಒದ್ದೆ ಮಾಡಿಕೊಳ್ಳಿ.
% ಎರಡನೇ ಪೆಟ್ಟು ಕಾಯುವವಳಲ್ಲ.
% ಒಬ್ದುಲಿಯಾಳ ಬಾಕಿ ಇದೆ.

ಉಳಿಸಿದೆ. ಓಡಿಸಿದೆ.
ಸಾಲು ಹದಿನೇಳು
ಏನೂ ಅನ್ನಲಿಲ್ಲ.